ಹಳೆ ಇಂಜಿನ್, ಹಗುರ ಬೇಸ್: ಮಂಡ್ಯದ ಒಂದು ಹುಲ್ಲಿನ ಮಷಿನ್ ಪ್ರಕರಣ

ಮಂಡ್ಯದಿಂದ ಸ್ವಲ್ಪ ಹೊರಗೆ, ನಾಲೆ ಬಯಲಿನ ಕಡೆ ಒಂದು ಕಲ್ಯಾಣ ಮಂಟಪ ಇದೆ. ಅದರ ಮುಂದಿನ ಲಾನ್ ಒಂದೇ ಮಟ್ಟದಲ್ಲಿಲ್ಲ, ಮೂರು ಹಂತ. ರಿಸೆಪ್ಷನ್ ಸ್ಟೇಜು ಮೇಲೆ, ಊಟದ ಶಾಮಿಯಾನ ಕೆಳಗೆ, ನಡುವೆ ಕಲ್ಲಿನ ಮೆಟ್ಟಿಲು. ಹುಲ್ಲು ಕತ್ತರಿಸುವುದಕ್ಕಿಂತ ಮಷಿನ್ನನ್ನು ಮೆಟ್ಟಿಲ ಮೇಲೆ ಎತ್ತಿ ಇಳಿಸುವುದೇ ಅಲ್ಲಿನ ಮಾಲಿಗೆ ದೊಡ್ಡ ಕೆಲಸ. ವಯಸ್ಸು ಐವತ್ತು ದಾಟಿದೆ, ಸೊಂಟ ಕೇಳುವುದಿಲ್ಲ.

ಮಷಿನ್ ಹಳೆಯದು. 160 ಸಿಸಿ, ಫೋರ್ ಸ್ಟ್ರೋಕ್ ಪೆಟ್ರೋಲ್ ಇಂಜಿನ್. ಶಾಫ್ಟ್ ನೆಟ್ಟಗೆ ಕೆಳಕ್ಕೆ ಇಳಿದಿರುತ್ತದೆ, ಅದರ ತುದಿಗೇ ಬ್ಲೇಡ್. ಅಡಿಯಲ್ಲಿ 21 ಇಂಚಿನ ಬ್ಲೇಡಿಗೆ ಮಾಡಿದ ಸ್ಟೀಲ್ ಡೆಕ್, ಅಂದರೆ ಇಂಜಿನ್ ಕೂರುವ, ಬ್ಲೇಡನ್ನು ಮುಚ್ಚುವ ಬೇಸ್. ಒಟ್ಟು ತೂಕ 34 ಕೆಜಿ. ಡೆಕ್ಕಿನ ಒಂದು ಮಗ್ಗುಲು ತುಕ್ಕು ತಿಂದು ತೂತಾಗಿತ್ತು. ಇಂಜಿನ್ ಮಾತ್ರ ಗಟ್ಟಿಮುಟ್ಟು, ಹೊಗೆ ಇಲ್ಲ, ಆಯಿಲ್ ಕುಡಿಯುವುದಿಲ್ಲ.

ಛತ್ರದ ಯಜಮಾನರು ಸರಿಯಾಗಿಯೇ ಯೋಚಿಸಿದ್ದರು. ಇಂಜಿನ್ ಇಟ್ಟುಕೊಂಡು ಬೇಸ್ ಮಾತ್ರ ಹಗುರವಾಗಿ ಮಾಡಿಸಿದರೆ ಮಾಲಿಗೂ ಅನುಕೂಲ, ದುಡ್ಡೂ ಉಳಿಯುತ್ತದೆ. ಹತ್ತಿರದ ಒಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ 18 ಗೇಜ್ ಜಿಐ ಶೀಟಿನಲ್ಲಿ (ಸತು ಲೇಪಿಸಿದ ಸ್ಟೀಲ್ ತಗಡು) ಹೊಸ ಬೇಸ್ ಮಾಡಿಸಿದರು. ಜೊತೆಗೆ ಅಗಲವನ್ನೂ 18 ಇಂಚಿಗೆ ಇಳಿಸಿದರು. ತೂಕ 25 ಕೆಜಿಗೆ ಬಂತು. ಮೆಟ್ಟಿಲು ಹತ್ತಿಸುವುದು ಸಲೀಸಾಯಿತು. ಹುಲ್ಲು ಕತ್ತರಿಸುವುದು ಮಾತ್ರ ಆಗಲಿಲ್ಲ.

ನಾನು ಮೈಸೂರಿನಲ್ಲಿ ಸಣ್ಣ ಇಂಜಿನ್‌ಗಳ ರಿಪೇರಿ ಮಾಡುತ್ತೇನೆ. ಅವರು ನನ್ನನ್ನು ಕರೆದದ್ದು ಆಷಾಢದಲ್ಲಿ. ನಮ್ಮ ಕಡೆ ಆಷಾಢದಲ್ಲಿ ಮದುವೆ ಮಾಡುವುದಿಲ್ಲ, ಛತ್ರ ಖಾಲಿ. ಆದರೆ ಮಳೆ ಶುರುವಾಗಿರುತ್ತದೆ, ಹುಲ್ಲು ಸುಮ್ನೆ ಇರುವುದಿಲ್ಲ. ಶ್ರಾವಣಕ್ಕೆ ಮದುವೆಗಳು ಬುಕ್ ಆಗಿದ್ದವು. ಅಷ್ಟರಲ್ಲಿ ಮಷಿನ್ ರೆಡಿ ಇರಬೇಕು ಎಂದರು.

ಮಾಲಿಯ ಮೂರು ದೂರು

ಯಜಮಾನರು "ನಡುಗುತ್ತೆ" ಎಂದಷ್ಟೇ ಹೇಳಿದರು. ಮಾಲಿ ಹೇಳಿದ್ದರಲ್ಲಿ ಹುರುಳು ಜಾಸ್ತಿ ಇತ್ತು.

"ಹಗ್ಗ ಎಳುದ್ರೆ ಕೈಯೇ ಕಿತ್ಕೊಂಡ್ ಹೋಯ್ತದೆ ಸಾರ್. ಮೊದ್ಲು ಹಿಂಗಿರ್ನಿಲ್ಲ. ಸ್ಟಾರ್ಟ್ ಆದ್ಮೇಲೆ ಹ್ಯಾಂಡ್ಲು ಹಿಡ್ಕಂಡ್ರೆ ಬೆರಳು ಜೋಮು ಹಿಡೀತದೆ. ಆಮೇಲೆ ನೋಡಿ, ಹುಲ್ಲು ಮಲಗ್ತದೆ, ಕಟ್ ಆಗಕ್ಕಿಲ್ಲ."

ಹಗ್ಗ ಒದೆಯುವುದು, ನಡುಕ, ಹುಲ್ಲು ಮಲಗುವುದು. ಯಜಮಾನರ ಪ್ರಕಾರ ಇವು ಇಂಜಿನ್ನಿನ ಕಾಯಿಲೆ. ಅಲ್ಲ. ಇಂಜಿನ್ ಹಳೆಯದೇ, ಅದರಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಅದರ ಕೆಳಗಿನದು. ಮೂರು ದೂರಿಗೂ ಮೂಲ ಅಲ್ಲೇ ಇತ್ತು.

ಪ್ಲಗ್ ವೈರ್ ಕಳಚಿ, ಏರ್ ಫಿಲ್ಟರ್ ಮೇಲಕ್ಕೆ ಬರುವ ಹಾಗೆ ಮಷಿನ್ನನ್ನು ಮಗ್ಗುಲಿಗೆ ಒರಗಿಸಿದೆ. ಈ ಎರಡನ್ನೂ ಮರೆಯಬಾರದು. ಪ್ಲಗ್ ವೈರ್ ಇದ್ದರೆ ಬ್ಲೇಡ್ ತಿರುಗಿಸಿದಾಗ ಇಂಜಿನ್ ಸ್ಟಾರ್ಟ್ ಆಗಿಬಿಡಬಹುದು. ಫಿಲ್ಟರ್ ಕೆಳಗಾದರೆ ಆಯಿಲ್ ಅದರೊಳಕ್ಕೆ ಹೋಗುತ್ತದೆ.

ಬ್ಲೇಡ್ ನೋಡಿದ ಕೂಡಲೇ ಅರ್ಧ ಕಥೆ ಗೊತ್ತಾಯಿತು. ಹಳೆ 21 ಇಂಚಿನ ಬ್ಲೇಡನ್ನೇ ಗ್ರೈಂಡರಿನಲ್ಲಿ ಎರಡೂ ಕಡೆ ಕತ್ತರಿಸಿ 18 ಇಂಚು ಮಾಡಿದ್ದರು. ಮೊವರ್, ಅಂದರೆ ಹುಲ್ಲಿನ ಮಷಿನ್ ಬ್ಲೇಡಿನ ತುದಿಯಲ್ಲಿ ಹಿಂದಿನ ಅಂಚು ಮೇಲಕ್ಕೆ ಬಾಗಿರುತ್ತದೆ. ಅದೇ ಗಾಳಿ ಎಳೆಯುವ ರೆಕ್ಕೆ. ಹುಲ್ಲನ್ನು ಮೇಲಕ್ಕೆ ನಿಲ್ಲಿಸುವುದು, ಕತ್ತರಿಸಿದ್ದನ್ನು ಹೊರಬರುವ ಬಾಯಿಯ ಕಡೆ ತಳ್ಳುವುದು ಎರಡೂ ಅದರ ಕೆಲಸ. ಕತ್ತರಿಸುವಾಗ ಆ ರೆಕ್ಕೆಯೇ ಹೋಗಿತ್ತು. ಉಳಿದದ್ದು ಬರೀ ಪಟ್ಟಿ. ಹುಲ್ಲು ಮಲಗದೆ ಇನ್ನೇನಾಗುತ್ತದೆ?

ತುದಿಯ ವೇಗದ ಲೆಕ್ಕವೂ ಇದೆ. 21 ಇಂಚಿನ ಬ್ಲೇಡ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ತುದಿ ಸೆಕೆಂಡಿಗೆ ಸುಮಾರು 84 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 300 ಕಿ.ಮೀ. 18 ಇಂಚಿಗೆ ಇಳಿಸಿದರೆ ಅದು 72 ಮೀಟರಿಗೆ ಬರುತ್ತದೆ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ರೆಕ್ಕೆ ಚೆನ್ನಾಗಿದ್ದರೂ ಕಾಲು ಭಾಗಕ್ಕಿಂತ ಜಾಸ್ತಿ ಎಳೆತ ಹೋಗುತ್ತದೆ. ಇಲ್ಲಿ ರೆಕ್ಕೆಯೂ ಇರಲಿಲ್ಲ.

ಹಗ್ಗ ಏಕೆ ಒದೆಯುತ್ತಿತ್ತು

ಇದು ಬಹಳ ಮೆಕ್ಯಾನಿಕ್‌ಗಳಿಗೂ ಹೊಳೆಯುವುದಿಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಅನೇಕ ಮೊವರ್ ಇಂಜಿನ್‌ಗಳಲ್ಲಿ ಫ್ಲೈವೀಲ್, ಅಂದರೆ ತಿರುಗುವ ರಭಸ ಹಿಡಿದಿಡುವ ಚಕ್ರ, ಹಗುರ ಅಲ್ಯುಮಿನಿಯಂನದು. ಬ್ಲೇಡ್ ಶಾಫ್ಟಿಗೇ ಕೂತಿರುತ್ತದಲ್ವಾ, ಹಾಗಾಗಿ ಅದನ್ನೂ ಫ್ಲೈವೀಲಿನ ಒಂದು ಭಾಗ ಎಂದೇ ಲೆಕ್ಕ ಹಾಕಿ ಮಾಡಿರುತ್ತಾರೆ. ಪಿಸ್ಟನ್ ಪೂರ್ತಿ ಮೇಲಕ್ಕೆ ತಲುಪುವ ಮೊದಲೇ ಕಿಡಿ ಹಾರುತ್ತದೆ. ಆ ಹೊತ್ತಿಗೆ ತಿರುಗುವ ಭಾಗಗಳಲ್ಲಿ ಸಾಕಷ್ಟು ರಭಸ ಇಲ್ಲದಿದ್ದರೆ ಪಿಸ್ಟನ್ ದಾಟಿಕೊಳ್ಳುವುದಿಲ್ಲ, ವಾಪಸ್ ಒದೆಯುತ್ತದೆ. ಹಗ್ಗ ಕೈಯಿಂದ ಕಿತ್ತುಕೊಂಡು ಹೋಗುವುದು ಹಾಗೆ.

ಪಟ್ಟಿಯೊಂದರ ತಿರುಗುವ ರಭಸ ಉದ್ದದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 21 ಇಂಚನ್ನು 18 ಮಾಡಿದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಹೋಯಿತು. ಮೂರು ಇಂಚು ತಾನೇ ಎಂದು ಕಣ್ಣಿಗೆ ಅನ್ನಿಸುತ್ತದೆ, ಇಂಜಿನ್ನಿಗೆ ಅನ್ನಿಸುವುದಿಲ್ಲ.

ಇನ್ನೊಂದು ಅನುಮಾನ ಇತ್ತು. ಫ್ಲೈವೀಲ್ ಮತ್ತು ಶಾಫ್ಟ್ ನಡುವೆ ಒಂದು ಸಣ್ಣ ಕೀ ಇರುತ್ತದೆ, ಬೇಕೆಂದೇ ಮೆದು ಲೋಹದಲ್ಲಿ ಮಾಡಿದ್ದು. ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದಾಗ ಅದು ಜಜ್ಜಿಹೋಗಿ ದೊಡ್ಡ ಪೆಟ್ಟು ತಪ್ಪಿಸುತ್ತದೆ. ಅದು ಒಂದೆರಡು ಮಿಲಿಮೀಟರ್ ಸರಿದರೂ ಕಿಡಿಯ ಟೈಮಿಂಗ್ ಕೆಡುತ್ತದೆ. ಬಿಚ್ಚಿ ನೋಡಿದರೆ ಕೀ ಅರ್ಧ ಕತ್ತರಿಸಿತ್ತು. ಬ್ಲೇಡ್ ಯಾವುದಕ್ಕೆ ಬಡಿಯಿತು ಎಂದು ಕೇಳಿದೆ. "ಯಾವ್ದುಕ್ಕೂ ಇಲ್ಲ ಸಾರ್, ಬೇಸ್‌ಗೇ ಬಡ್ಕಂತು" ಎಂದರು ಮಾಲಿ. ಅದು ನಿಜವೇ. ಸ್ಕರ್ಟಿನ, ಅಂದರೆ ಬೇಸಿನ ಸುತ್ತ ಕೆಳಕ್ಕೆ ಇಳಿದ ಅಂಚುಗೋಡೆಯ ಒಳಮೈಯಲ್ಲಿ ಹೊಳೆಯುವ ಗೀರು ಅರ್ಧ ಸುತ್ತು ಎದ್ದಿತ್ತು.

ಬೇಸ್ ಏಕೆ ತಾಳಲಿಲ್ಲ

ಬ್ಲೇಡ್ ಬೇಸ್‌ಗೆ ಬಡಿಯಬೇಕಾದರೆ ಇಂಜಿನ್ ವಾಲಬೇಕು. ಇಂಜಿನ್ ವಾಲಬೇಕಾದರೆ ಅದು ಕೂತ ತಗಡು ಬಾಗಬೇಕು. ಇಂಜಿನ್ನನ್ನು ಹಿಡಿಯುವುದು ಮೂರು ಬೋಲ್ಟು. ಅವುಗಳ ಸುತ್ತ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿದೆ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಗೆ ಹೀರಿ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಎರಡು ತೂತುಗಳಿಂದ ಹೊರಟ ಗೆರೆಗಳು ಒಂದರ ಕಡೆಗೊಂದು ಸಾಗಿದ್ದವು. ಇನ್ನಷ್ಟು ದಿನ ಓಡಿಸಿದ್ದರೆ ಅವು ಕೂಡಿಕೊಂಡು, ಬ್ಲೇಡ್ ತಿರುಗುತ್ತಿರುವಾಗಲೇ ಇಂಜಿನ್ ತಗಡು ಸಮೇತ ಕಿತ್ತು ಬರುತ್ತಿತ್ತು. ಯಜಮಾನರಿಗೆ ಆ ಗೆರೆ ತೋರಿಸಿದೆ. ಅಲ್ಲಿಯವರೆಗೆ "ಒಂದು ಪ್ಯಾಚ್ ಹಾಕಿ ಕೊಡಿ" ಎನ್ನುತ್ತಿದ್ದವರು ಆಮೇಲೆ ಆ ಮಾತು ಎತ್ತಲಿಲ್ಲ.

18 ಗೇಜ್ ಅಂದರೆ ಸುಮಾರು 1.2 ಮಿ.ಮೀ. ಹಳೆ ಡೆಕ್ 2 ಮಿ.ಮೀ ಇತ್ತು. ತಗಡು ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಹೊಸ ಬೇಸಿನ ಬಿಗಿ ಹಳೆಯದರ ಐದನೇ ಒಂದು ಭಾಗದ ಆಸುಪಾಸು. ಹಳೆ ಡೆಕ್ ಪ್ರೆಸ್ಸಿನಲ್ಲಿ ಒತ್ತಿ ಗುಂಡಗೆ ಮಾಡಿದ್ದು, ಆ ಆಕಾರದಿಂದಲೇ ಇನ್ನಷ್ಟು ಬಿಗಿ ಬರುತ್ತದೆ. ಇದು ಚಪ್ಪಟೆ ತಗಡು.

ಅದರ ಮೇಲೆ ಬ್ಯಾಲೆನ್ಸ್ ಇಲ್ಲದ ಬ್ಲೇಡ್. ಅಳೆದು ನೋಡಿದರೆ ಒಂದು ಕಡೆ ಇನ್ನೊಂದಕ್ಕಿಂತ 6 ಮಿ.ಮೀ ಹೆಚ್ಚು ಉದ್ದ. ಅಷ್ಟು ಲೋಹದ ತೂಕ ಸುಮಾರು 7 ಗ್ರಾಂ. 3000 ಆರ್‌ಪಿಎಂನಲ್ಲಿ, ನಡುವಿನಿಂದ ಒಂಬತ್ತು ಇಂಚು ದೂರದಲ್ಲಿ, ಆ 7 ಗ್ರಾಂ ಹೆಚ್ಚುಕಮ್ಮಿ 16 ಕೆಜಿ ತೂಕದಷ್ಟು ಬಲದಿಂದ ಶಾಫ್ಟನ್ನು ಪಕ್ಕಕ್ಕೆ ಎಳೆಯುತ್ತದೆ. ಆ ಎಳೆತ ಸೆಕೆಂಡಿಗೆ 50 ಸಲ ಸುತ್ತು ಹಾಕುತ್ತದೆ. ತೆಳು ತಗಡಿನ ಬೋಲ್ಟ್ ತೂತು ಇದನ್ನು ಎಷ್ಟು ದಿನ ತಾಳೀತು?

ತೂಕದ ಪಾತ್ರವೂ ಇದೆ. ಸಿಂಗಲ್ ಸಿಲಿಂಡರ್ ಇಂಜಿನ್ ನಡುಗುವುದು ಅದರ ಹುಟ್ಟುಗುಣ. ಅದು ಹುಟ್ಟಿಸುವ ಬಲ ಅಷ್ಟೇ ಇರುತ್ತದೆ, ಕೆಳಗಿನ ತೂಕ ಇಳಿದಷ್ಟೂ ಅಲುಗಾಟ ಜಾಸ್ತಿಯಾಗುತ್ತದೆ. ಹಳೆ ಡೆಕ್ಕಿನ ತೂಕವನ್ನು ಎಲ್ಲರೂ ಬೈಯುತ್ತಿದ್ದರು. ಮಾಲಿಯ ಬೆರಳು ಕಾಪಾಡಿದ್ದೇ ಆ ತೂಕ.

ಬಂದ ಸಲಹೆಗಳು

ಛತ್ರದಲ್ಲಿ ಸಲಹೆಗೆ ಬರ ಇಲ್ಲ. ಇಂಜಿನ್ ಕೆಳಗೆ ರಬ್ಬರ್ ಬುಷ್ ಹಾಕಿ ಎಂದರು ಒಬ್ಬರು. ಬೈಕಿನಲ್ಲಿ ಸರಿ, ಇಲ್ಲಿ ಆಗುವುದಿಲ್ಲ. ಬ್ಲೇಡ್ ಶಾಫ್ಟಿಗೇ ಇರುವುದರಿಂದ ಇಂಜಿನ್ ಅಲ್ಲಾಡಿದರೆ ಬ್ಲೇಡೂ ವಾಲುತ್ತದೆ. ಇಂಜಿನ್ ಬೇಸ್‌ಗೆ ಗಟ್ಟಿಯಾಗಿ ಕೂರಬೇಕು. ರಬ್ಬರ್ ಹಾಕುವುದಿದ್ದರೆ ಹ್ಯಾಂಡಲ್ ಬುಡಕ್ಕೆ.

ಸ್ಪೀಡ್ ಜಾಸ್ತಿ ಮಾಡಿದರೆ ಹುಲ್ಲು ಕಟ್ ಆಗುತ್ತದೆ ಎಂದು ಇಂಜಿನ್ನಿನ ವೇಗ ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗ್ ಎಳೆಯಲು ಇನ್ನೊಬ್ಬರು ಹೇಳಿದರು. 3000ದಿಂದ 3600ಕ್ಕೆ ಏರಿಸಿದರೆ ಬ್ಯಾಲೆನ್ಸ್ ತಪ್ಪಿದ ಬ್ಲೇಡಿನ ಎಳೆತ ನೂರಕ್ಕೆ 44 ಜಾಸ್ತಿಯಾಗುತ್ತದೆ. ಅಮೆರಿಕದ ಮೊವರ್ ನಿಯಮದಲ್ಲಿ ಬ್ಲೇಡ್ ತುದಿಗೆ ನಿಮಿಷಕ್ಕೆ 19,000 ಅಡಿಯ ಮಿತಿ ಇದೆ, ಅಂದರೆ ಸೆಕೆಂಡಿಗೆ 96.5 ಮೀಟರ್. 21 ಇಂಚಿನ ಬ್ಲೇಡ್ 3600ರಲ್ಲಿ ಅದನ್ನು ಮೀರುತ್ತದೆ, 18 ಇಂಚಿನದು ಮೀರುವುದಿಲ್ಲ. ಆದರೂ ನಾನು ಗವರ್ನರ್ ಮುಟ್ಟಲಿಲ್ಲ. ಹಗುರ ಬೇಸ್‌ಗೆ ಬೇಕಾದದ್ದು ಕಡಿಮೆ ನಡುಕ, ಹೆಚ್ಚು ವೇಗ ಅಲ್ಲ.

ಯಜಮಾನರ ಬಳಿ ನಾಲೆಯಿಂದ ನೀರೆತ್ತುವ ಪೆಟ್ರೋಲ್ ಪಂಪ್‌ಸೆಟ್ ಇತ್ತು. ಅದರ ಇಂಜಿನ್ನನ್ನೇ ಅಡ್ಡ ಮಲಗಿಸಿ ಕೂರಿಸಬಹುದಲ್ಲ ಎಂದು ಕೇಳಿದರು. ಅದರ ಶಾಫ್ಟ್ ಅಡ್ಡಕ್ಕೆ ಇರುತ್ತದೆ. ತಳದ ಆಯಿಲನ್ನು ಒಂದು ಸಣ್ಣ ಚಮಚದಂಥ ಭಾಗ ಎರಚುತ್ತದೆ, ಅದರಿಂದಲೇ ಒಳಗೆಲ್ಲ ಎಣ್ಣೆ ಸಿಗುವುದು. ಇಂಜಿನ್ ಮಲಗಿಸಿದರೆ ಆ ಚಮಚ ಆಯಿಲಿಗೆ ಎಟುಕುವುದಿಲ್ಲ, ಕಾರ್ಬುರೇಟರೂ ಕೆಲಸ ಮಾಡುವುದಿಲ್ಲ. ನೆಟ್ಟ ಶಾಫ್ಟಿನ ಇಂಜಿನ್ ಬೇರೆಯೇ ಜಾತಿ.

ಆದರೆ ಬೇರೆ ಕೆಲಸದ ಇಂಜಿನ್ ತಂದು ಹುಲ್ಲಿಗೆ ಕಟ್ಟುವ ಆಸೆ ಹೊಸದೇನಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ 1952ರಲ್ಲಿ ಮಾಡಿದ ಮೊದಲ ವಿಕ್ಟಾ ಮೊವರಿನಲ್ಲಿ ಒಂದು ವಿಲಿಯರ್ಸ್ ಟೂ ಸ್ಟ್ರೋಕ್ ಇಂಜಿನ್ನನ್ನು ಮಗ್ಗುಲಾಗಿಯೇ ಕೂರಿಸಿದ್ದರು. ಪೆಟ್ರೋಲ್ ಟ್ಯಾಂಕ್ ಆಗಿದ್ದು ಪೀಚ್ ಹಣ್ಣಿನ ಖಾಲಿ ಡಬ್ಬಿ. ಟೂ ಸ್ಟ್ರೋಕಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಬರುವುದರಿಂದ ಅದನ್ನು ಹೇಗೆ ಮಲಗಿಸಿದರೂ ಎಣ್ಣೆಗೆ ಕೊರತೆ ಇಲ್ಲ. ಯಜಮಾನರ ಪಂಪ್‌ಸೆಟ್ಟಿಗೆ ಆ ಅನುಕೂಲ ಇಲ್ಲ.

ಹೊಸ ಬೇಸ್

ಅಲ್ಯುಮಿನಿಯಂ ಎಂದು ಮೊದಲೇ ನಿರ್ಧರಿಸಿದ್ದೆ. 2 ಮಿ.ಮೀ ಸ್ಟೀಲ್ ಶೀಟ್ ಒಂದು ಚದರ ಮೀಟರಿಗೆ 15.7 ಕೆಜಿ ತೂಗುತ್ತದೆ. 3 ಮಿ.ಮೀ ಅಲ್ಯುಮಿನಿಯಂ ಸುಮಾರು 8 ಕೆಜಿ. ಅಲ್ಯುಮಿನಿಯಂ ಮೆದು ನಿಜ, ಆದರೆ ಆ ಒಂದು ಮಿಲಿಮೀಟರ್ ಹೆಚ್ಚಿನ ದಪ್ಪದಿಂದ ಬಿಗಿ ಸ್ಟೀಲಿಗಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ಅರ್ಧ ತೂಕ, ಅಷ್ಟೇ ಬಿಗಿ. 5052 ಗ್ರೇಡ್ ಶೀಟ್ ತಂದೆ. 6061 ಇನ್ನೂ ಗಟ್ಟಿ, ಆದರೆ ಕಿರಿದಾಗಿ ಬೆಂಡ್ ಮಾಡಿದರೆ ಮಡಿಕೆಯಲ್ಲೇ ಸೀಳುತ್ತದೆ.

ಅಲ್ಯುಮಿನಿಯಂಗೆ ಒಂದು ಕೆಟ್ಟ ಗುಣ ಇದೆ. ಸ್ಟೀಲ್ ಒಂದು ಮಿತಿಯೊಳಗಿನ ನಡುಕವನ್ನು ಎಷ್ಟು ಕಾಲ ಬೇಕಾದರೂ ತಡೆದುಕೊಳ್ಳುತ್ತದೆ. ಅಲ್ಯುಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ನಡುಕವೂ ಸೇರುತ್ತಾ ಸೇರುತ್ತಾ ಒಂದು ದಿನ ಬಿರುಕು ಬಿಡಿಸುತ್ತದೆ. ಅದಕ್ಕೇ ಇಂಜಿನ್ ಕೂರುವ ಜಾಗದಲ್ಲಿ ಕೆಳಗಡೆಯಿಂದ 4 ಮಿ.ಮೀ ದಪ್ಪದ, 25 ಸೆಂ.ಮೀ ಅಗಲದ ದುಂಡು ಸ್ಟೀಲ್ ಪ್ಲೇಟ್ ಕೊಟ್ಟೆ. ಬೋಲ್ಟಿನ ಎಳೆತ ಮೂರು ತೂತಿಗೆ ಬೀಳುವ ಬದಲು ಇಡೀ ಪ್ಲೇಟಿಗೆ ಹರಡುತ್ತದೆ. ಅದಕ್ಕೆ ಒಂದೂವರೆ ಕೆಜಿ ಹೋಯಿತು. ಹೋಗಲಿ. ಇಡೀ ಬೇಸಿನಲ್ಲಿ ತೂಕ ಉಳಿಸಬಾರದ ಜಾಗ ಇದೊಂದೇ. ಎರಡು ಲೋಹ ಒದ್ದೆಯಲ್ಲಿ ತಾಗಿದರೆ ಅಲ್ಯುಮಿನಿಯಂ ಕೊರೆದುಹೋಗುತ್ತದೆ, ಅದಕ್ಕೆ ನಡುವೆ ಪ್ರೈಮರ್ ದಪ್ಪಗೆ ಹೊಡೆದೆ.

ವೆಲ್ಡಿಂಗ್ ಆದಷ್ಟೂ ಕಡಿಮೆ. ಸ್ಕರ್ಟಿನ ಕೂಡುಜಾಗ ಮಾತ್ರ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ. ಬಿಸಿ ತಾಗಿದ ಕಡೆ ಅಲ್ಯುಮಿನಿಯಂ ಮೆತ್ತಗಾಗುತ್ತದೆ, ಹಾಗಾಗಿ ಇಂಜಿನ್ ಬೋಲ್ಟುಗಳ ಹತ್ತಿರ ಟಾರ್ಚ್ ತರಲು ಬಿಡಲಿಲ್ಲ. ವೆಲ್ಡರ್ ಮಾತ್ರ, "ಎರಡ್ ಟಾಕಿ ಹೊಡ್ದುಬಿಡ್ತೀನಿ ಬಿಡಣ್ಣ, ಗಟ್ಟಿ ಇರುತ್ತೆ" ಎಂದು ಪದೇ ಪದೇ ಕೇಳುತ್ತಲೇ ಇದ್ದರು.

ಸ್ಕರ್ಟಿನ ಆಳ ಹಿಂದಿನದರಲ್ಲಿ ಎರಡೇ ಇಂಚು ಇತ್ತು. ಗಾಳಿ ಸುತ್ತಲು ಜಾಗವೇ ಇಲ್ಲ, ಕತ್ತರಿಸಿದ ಹುಲ್ಲು ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಡೆಕ್ ಅಂದರೆ ಬರೀ ಮುಚ್ಚಳ ಅಲ್ಲ, ಬ್ಲೋವರಿನ ಹೊರಕವಚ ಇದ್ದ ಹಾಗೆ. ಈ ಸಲ 10 ಸೆಂ.ಮೀ ಕೊಟ್ಟೆ. ಬ್ಲೇಡಿನ ತುದಿಗೂ ಸ್ಕರ್ಟಿಗೂ ಸುತ್ತ 12 ಮಿ.ಮೀ ಅಂತರ. ಬ್ಲೇಡ್ ಸ್ಕರ್ಟಿನ ಕೆಳ ಅಂಚಿಗಿಂತ 10 ಮಿ.ಮೀ ಒಳಗೆ. ಕಲ್ಲು ಸಿಡಿದರೆ ಸ್ಕರ್ಟಿಗೆ ಬಡಿಯಬೇಕು, ಮಾಲಿಯ ಕಾಲಿಗಲ್ಲ. ಹುಲ್ಲು ಹೊರಬರುವ ಬಾಯಿಗೆ ಕೀಲಿನ ಮುಚ್ಚಳ.

ಗಾಲಿಗಳ ಜಾಗವೂ ಬದಲಾಯಿತು. ಜಿಐ ಬೇಸಿನಲ್ಲಿ ಹಿಂದಿನ ಗಾಲಿಗಳ ಅಚ್ಚು ಇಂಜಿನ್ನಿನ ಪಕ್ಕಕ್ಕೇ ಬಂದಿತ್ತು. ಬೇಸ್ ಹಗುರವಾದಾಗ ಮಷಿನ್ನಿನ ತೂಕವೆಲ್ಲ ಮೇಲಿರುವ ಇಂಜಿನ್ನಿನದೇ ಆಗುತ್ತದೆ. ಹ್ಯಾಂಡಲ್ ಸ್ವಲ್ಪ ಒತ್ತಿದರೂ ಮುಂದಿನ ಗಾಲಿ ಎದ್ದು ಬ್ಲೇಡ್ ಹೊರಗೆ ಕಾಣುತ್ತಿತ್ತು. ಅಚ್ಚನ್ನು 8 ಸೆಂ.ಮೀ ಹಿಂದಕ್ಕೆ ಸರಿಸಿ, ಗಾಲಿಗಳ ಅಗಲವನ್ನೂ ಹೆಚ್ಚಿಸಿದೆ.

ಬೋಲ್ಟಿನ ವಿಷಯ ಒಂದು ಹೇಳಲೇಬೇಕು. ಈ ಇಂಜಿನ್ನಿನ ಮೂರು ತೂತುಗಳ ಥ್ರೆಡ್ ಇಂಚಿನದು, 5/16. ನಮ್ಮ ಎಂ8 ಬೋಲ್ಟ್ (8 ಮಿ.ಮೀ ಅಳತೆಯದು) ನೋಡಲು ಅಷ್ಟೇ ದಪ್ಪ. ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಬಿಗಿ ಬಂತು ಎಂದು ಸ್ಪ್ಯಾನರಿಗೆ ಪೈಪ್ ಹಾಕಿ ತಿರುಗಿಸಿದರೆ ಇಂಜಿನ್ನಿನ ಅಲ್ಯುಮಿನಿಯಂ ಥ್ರೆಡ್ ಹಾಳು. ಹಿಂದೆ ಒಂದು ತೂತಿಗೆ ಹಾಗೇ ಆಗಿತ್ತು, ಅದಕ್ಕೆ ಹೊಸ ಥ್ರೆಡ್ ಇನ್ಸರ್ಟ್ ಹಾಕಬೇಕಾಯಿತು. ಬ್ಲೇಡ್ ಬೋಲ್ಟ್ 3/8ರ ಸಣ್ಣ ಥ್ರೆಡ್, ಅದನ್ನು ಟಾರ್ಕ್ ರೆಂಚಿನಲ್ಲಿ 50 ನ್ಯೂಟನ್ ಮೀಟರಿಗೆ ಬಿಗಿದೆ. ಸಡಿಲ ಬ್ಲೇಡ್ ಕೂಡ ಹಗ್ಗ ಒದೆಸುತ್ತದೆ.

ಬ್ಲೇಡ್ ಹೊಸದು. 18 ಇಂಚಿಗೇ ಮಾಡಿದ್ದು, ರೆಕ್ಕೆ ಇರುವುದು, 4 ಮಿ.ಮೀ ದಪ್ಪ. ಹಳೆ 21 ಇಂಚಿನ 3 ಮಿ.ಮೀ ಬ್ಲೇಡಿನ ರಭಸದಲ್ಲಿ ನೂರಕ್ಕೆ 80ರ ಮೇಲೆ ಇದರಿಂದ ಬರುತ್ತದೆ. ಗೋಡೆಗೆ ಮೊಳೆ ಹೊಡೆದು, ನಡು ತೂತಿಗೆ ಸಿಕ್ಕಿಸಿ ನೇತುಹಾಕಿದೆ. ಒಂದು ತುದಿ ಕೂದಲೆಳೆಯಷ್ಟು ಇಳಿಯಿತು. ಆ ತುದಿಯ ಹಿಂಬದಿಯನ್ನು ಅರದಿಂದ ಉಜ್ಜುತ್ತಾ ಹೋದೆ, ಅಡ್ಡ ಹಿಡಿದು ಬಿಟ್ಟರೆ ಎಲ್ಲಿ ಬಿಟ್ಟೆನೋ ಅಲ್ಲೇ ನಿಲ್ಲುವ ತನಕ. ಫ್ಲೈವೀಲ್ ಕೀ ಕೂಡ ಹೊಸದು ಹಾಕಿದೆ.

ಹ್ಯಾಂಡಲಿನ ಲಿವರ್

ಹ್ಯಾಂಡಲಿನಲ್ಲಿ ಒಂದು ಲಿವರ್ ಇರುತ್ತದೆ. ಹಿಡಿದಿದ್ದರೆ ಮಾತ್ರ ಇಂಜಿನ್ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬೇಸ್ ಬದಲಿಸುವಾಗ ಅದನ್ನು ಕಟ್ಟುತಂತಿಯಲ್ಲಿ ಹ್ಯಾಂಡಲಿಗೇ ಬಿಗಿದುಬಿಟ್ಟಿದ್ದರು. ಮಾಲಿಗೂ ಅದೇ ಹಿತವಾಗಿತ್ತು, ಕೈ ನೋವು ಕಡಿಮೆ. ಅಮೆರಿಕದಲ್ಲಿ 1982ರಿಂದ ಇಂಥ ಮೊವರಿನ ಲಿವರ್ ಬಿಟ್ಟ ಮೂರು ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಲೇಬೇಕು ಎಂಬ ನಿಯಮ ಇದೆ. ಬಾಯಿಗೆ ಕಚ್ಚಿದ ಹುಲ್ಲನ್ನು ಬೆರಳಿನಿಂದ ತೆಗೆಯುವ ಅಭ್ಯಾಸ ಎಲ್ಲ ದೇಶದಲ್ಲೂ ಒಂದೇ. ತಂತಿ ಕತ್ತರಿಸಿ ಕೇಬಲ್ ಹೊಸದು ಎಳೆದೆ. ಮಾಲಿಗೆ ಬೇಜಾರಾಯಿತು, ಆದರೂ ನಾನು ಬಿಟ್ಟುಕೊಡಲಿಲ್ಲ. ಹ್ಯಾಂಡಲ್ ಬುಡಕ್ಕೆ ರಬ್ಬರ್ ಬುಷ್ ಕೂತ ಮೇಲೆ ಹಿಡಿದುಕೊಂಡಿರುವುದು ಕಷ್ಟವೂ ಆಗಲಿಲ್ಲ.

ಓಡಿಸಿದ ಮೇಲೆ

ತೂಗಿದರೆ 27 ಕೆಜಿ. ಕೆಟ್ಟುಹೋದ ಬೇಸಿಗಿಂತ ಎರಡು ಕೆಜಿ ಜಾಸ್ತಿ. ಯಜಮಾನರು ಸ್ವಲ್ಪ ಮುಖ ಸಣ್ಣ ಮಾಡಿದರು. ನನ್ನ ಪ್ರಕಾರ ಆ ಎರಡು ಕೆಜಿಯೇ ಇಡೀ ಕೆಲಸ. ಒಂದೂವರೆ ಇಂಜಿನ್ ಕೆಳಗಿನ ಪ್ಲೇಟಿಗೆ, ಉಳಿದದ್ದು ಬ್ಲೇಡಿಗೆ ಮತ್ತು ಆಳದ ಸ್ಕರ್ಟಿಗೆ. ಹಳೆ 34 ಕೆಜಿಗೆ ಹೋಲಿಸಿದರೆ ಇನ್ನೂ ಏಳು ಕೆಜಿ ಕಡಿಮೆ.

ಹಗ್ಗ ಒದೆಯುವುದು ನಿಂತಿತು. ನಡುಕ ಹಳೆ ಸ್ಟೀಲ್ ಡೆಕ್ಕಿಗಿಂತ ಸ್ವಲ್ಪ ಜಾಸ್ತಿ ಇದೆ, ಅದು ಹೋಗುವುದೂ ಇಲ್ಲ. ತೂಕ ಇಳಿದ ಮೇಲೆ ಅಷ್ಟು ಬರಲೇಬೇಕು. ಮೇಲಿನ ಹಂತದ ಮೆಕ್ಸಿಕನ್ ಹುಲ್ಲು ಚಾಪೆಯ ಹಾಗೆ ಸಮ ಬಂತು. ಅಂಚಿನ ಗರಿಕೆಯಲ್ಲಿ ಒಂದೇ ಸಲಕ್ಕೆ ಆಗುವುದಿಲ್ಲ, ಎತ್ತರ ಇಟ್ಟು ಒಮ್ಮೆ, ಇಳಿಸಿ ಇನ್ನೊಮ್ಮೆ ಹೋಗಬೇಕು. ಅಗಲ ಮೂರು ಇಂಚು ಕಡಿಮೆಯಾದ್ದರಿಂದ ಓಡಾಟವೂ ಜಾಸ್ತಿ. "ಎತ್ತೋ ಕಷ್ಟಕ್ಕಿಂತ ನಡೆಯೋದೇ ವಾಸಿ ಬುಡಿ ಸಾರ್" ಎಂದರು ಮಾಲಿ.

ಎರಡು ವಿಷಯ ಇನ್ನೂ ಬಾಕಿ ಇವೆ. ಮಳೆ ಬಂದ ಮರುದಿನ ಬೆಳಿಗ್ಗೆ ಕತ್ತರಿಸಿದರೆ ಬಾಯಿ ಕಟ್ಟಿಕೊಳ್ಳುತ್ತದೆ, ಅದನ್ನು ಒಂದಿಂಚು ಅಗಲ ಮಾಡಬೇಕು. ಇನ್ನೊಂದು, ಎತ್ತರ ಬದಲಿಸಲು ಈಗ ನಾಲ್ಕೂ ಗಾಲಿಯ ಬೋಲ್ಟ್ ಬಿಚ್ಚಿ ಹಾಕಬೇಕು. ಹಳೆ ಸ್ಟೀಲ್ ಡೆಕ್ ಗುಜರಿಗೆ ಹೋಗುವ ಮೊದಲು ಅದರ ಎತ್ತರದ ಲಿವರುಗಳನ್ನು ಬಿಚ್ಚಿ ತಂದಿದ್ದೇನೆ. ಅವನ್ನು ಕೂರಿಸಲು ಗಾಲಿಯ ಹತ್ತಿರ ಪುಟ್ಟ ಸ್ಟೀಲ್ ಪಟ್ಟಿ ಕೊಡಬೇಕು, ಇನ್ನೊಂದು ಕಾಲು ಕೆಜಿ ಏರುತ್ತದೆ. ಯಜಮಾನರಿಗೆ ಇನ್ನೂ ಹೇಳಿಲ್ಲ.